ಒಂದು ಬೆರಳಿನ ಜಾಗ

ಹದಿನಾಲ್ಕು, ಮಂಗಳವಾರ

ಇವತ್ತು ಸಿಕ್ಕಿಬಿದ್ದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾದಾಗಿನಿಂದ ಅಪ್ಪ ಇಳಿದುಹೋಗುತ್ತಿದ್ದಾರೆ. ಅದು ಅವರ ಗಮನಕ್ಕೆ ಬರಬಾರದೆಂದು, ಒಗೆದ ಅಂಗಿಗಳನ್ನೆಲ್ಲ ಕದ್ದುಮುಚ್ಚಿ ಪಕ್ಕದಲ್ಲಿ ಹಿಡಿದು ಬಿಗಿಮಾಡಿ ಹೊಲಿದಿಡುತ್ತಿದ್ದೆ. ಅದೂ ನಲವತ್ತು ವರ್ಷ ದರ್ಜಿಯಾಗಿದ್ದವರಿಗೆ! ನನ್ನ ಬುದ್ಧಿ ಹುಲ್ಲು ಮೇಯಲು ಹೋಗಿತ್ತು.

ಬೆಳಿಗ್ಗೆ ಅಂಗಿ ತೊಟ್ಟವರು ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಇದು ನನ್ನ ಕೈಕೆಲಸವಲ್ಲ. ಎಷ್ಟು ಹಿಡಿದಿದ್ದೀಯ?"

"ಎರಡಿಂಚು, ಅಪ್ಪಾ."

"ಸಾಲಲ್ಲ. ಟೇಪ್ ತಗೊಂಡು ಬಾ."

ನಟಿಸಬೇಡಿ, ಅವರೆದುರು ಅತ್ತರೂ ಪರವಾಗಿಲ್ಲ ಎಂದು ಆಸ್ಪತ್ರೆಯ ಆಪ್ತಸಮಾಲೋಚಕಿ ಹೇಳಿದ್ದರು. ತಲೆಯಾಡಿಸಿ ಬಂದಿದ್ದೆ, ಅಷ್ಟೇ.

ಟೇಪನ್ನು ಎದೆಗೆ ಸುತ್ತಿದೆ. ಎಳೆದು ಹಿಡಿದೆ.

"ಅಷ್ಟು ಬಿಗಿ ಬೇಡ. ಒಳಗೆ ಒಂದು ಬೆರಳಿಡು. ತೊಟ್ಟವನು ಉಸಿರಾಡಬೇಕಲ್ಲ?"

ಬೆರಳಿಟ್ಟೆ. ಅದರ ಕೆಳಗೆ ಎಲುಬು, ಎಲುಬಿನ ಕೆಳಗೆ ಅವರ ಎದೆಬಡಿತ.

"ಹೆದರಿಕೆ ಆಗುತ್ತೆ ಮಗಳೇ," ಎಂದರು. ಇಷ್ಟು ತಿಂಗಳಲ್ಲಿ ಮೊದಲ ಸಲ.

"ನನಗೂ ಅಪ್ಪಾ."

ಬೆರಳು ತೆಗೆಯಲಿಲ್ಲ. ಅಳತೆ ಬರೆದುಕೊಳ್ಳುವುದು ಇಬ್ಬರಿಗೂ ಮರೆತೇ ಹೋಯಿತು. ನಾಳೆ ಮತ್ತೆ ಟೇಪ್ ಸುತ್ತಬೇಕು.