ನೀರಿನ ಪಂಪಿನ ಮೂರನೆಯ ಬೋಲ್ಟು

ವಿದ್ಯಾನಗರ, ಹುಬ್ಬಳ್ಳಿ
ಫೆಬ್ರುವರಿ ೩೦, ೨೧೮೭

ಮಾನ್ಯ ವಾಮನರಾವ್ ಕಟ್ಟಿಯವರಿಗೆ, ಇಂದುಮತಿ ಕಮ್ಮಾರಳ ನಮಸ್ಕಾರಗಳು.

ತಾರೀಖು ನೋಡಿ ಬರೆದವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಫೆಬ್ರುವರಿಗೆ ಮೂವತ್ತು ದಿನ. ಪಂಚಾಂಗದವರೂ ಸರಕಾರದವರೂ ವರ್ಷಗಟ್ಟಲೆ ಜಗಳಾಡಿ, ಜುಲೈನಿಂದ ಒಂದು, ಆಗಸ್ಟಿನಿಂದ ಒಂದು ದಿನ ಕಿತ್ತು ಇದಕ್ಕೆ ಕೊಟ್ಟು ಅರವತ್ತು ವರ್ಷವಾಯಿತು. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಪುಸ್ತಕಗಳಿಂದ ಕಲಿತವಳು. ಮಾತು ಎಲ್ಲಾದರೂ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ಇನ್ನೊಂದು ವಿಷಯಕ್ಕೂ ನಿಮ್ಮ ಕ್ಷಮೆ ಕೇಳುವುದಿದೆ. ಆದರೆ ಮೊದಲು ನನ್ನ ತಕರಾರು ಕೇಳಿಸಿಕೊಳ್ಳಿ.

ಎಪ್ಪತ್ತು ದಾಟಿದ ಪ್ರತಿಯೊಬ್ಬರಿಗೂ ಇಲ್ಲಿ ಒಂದು ಹಿಂದೋಲೆಯ ಹಕ್ಕಿದೆ. ಹಿಂದೋಲೆ ಎಂದರೆ ಸತ್ತವರಿಗೆ ಬರೆಯುವ ಕಾಗದ. ಅಂಚೆಯವರು ಅದನ್ನು ತೆಗೆದುಕೊಂಡು ರಶೀದಿ ಕೊಡುತ್ತಾರೆ. ತಲುಪುತ್ತದೆಯೇ ಎಂದು ಕೇಳಿದರೆ ಸಾಲಿನಲ್ಲಿ ಮುಂದಿನವರನ್ನು ಕರೆಯುತ್ತಾರೆ. ಹೆಚ್ಚಿನವರು ಅದನ್ನು ತಾಯಿಗೋ ಗಂಡನಿಗೋ ಬರೆಯುತ್ತಾರೆ. ನಾನು ನನ್ನ ಒಂದೇ ಹಕ್ಕನ್ನು ಮುಖ ನೋಡದ, ಬಳಗವಲ್ಲದ ನಿಮ್ಮ ಮೇಲೆ ಕಳೆಯುತ್ತಿದ್ದೇನೆ. ಕಾರಣ ನಿಮ್ಮ ಕಾರು. ಇಂಗ್ಲೆಂಡಿನಲ್ಲಿ ತಯಾರಾದ, ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಕೂತ ಆ ಹಸಿರು ಸ್ಪೋರ್ಟ್ಸ್ ಕಾರು. ಅದರ ನೋಂದಣಿ ಪುಸ್ತಕದಲ್ಲಿ ಕೊನೆಯ ಹೆಸರು ನಿಮ್ಮದು. ನಿಮ್ಮ ನಂತರ ಅದು ಯಾವುದೋ ಗೋದಾಮಿನಲ್ಲಿ ಬಿದ್ದಿತ್ತಂತೆ. ನನ್ನ ಅಜ್ಜಿ ತಂದಳು, ತಾಯಿ ಒರೆಸಿದಳು, ನಾನು ಮೂವತ್ತೊಂದು ವರ್ಷದಿಂದ ಅದರ ಕೆಳಗೆ ಮಲಗಿದ್ದೇನೆ.

ನಮ್ಮ ಕಾಲದ ಮನೆಗಳಲ್ಲಿ ಎಲ್ಲವೂ ಮುಚ್ಚುಸಾಮಾನು. ಒಲೆ, ಪಂಖ, ನೀರಿನ ಯಂತ್ರ, ಕಿವಿಯಲ್ಲಿಡುವ ಸಾಧನ ಎಲ್ಲವೂ ಬೆಸುಗೆ ಹಾಕಿಕೊಂಡೇ ಬರುತ್ತವೆ. ಕೆಟ್ಟರೆ ಬಾಗಿಲಿನ ಹೊರಗೆ ಇಡಬೇಕು, ಮಧ್ಯಾಹ್ನದೊಳಗೆ ಅಂಥದೇ ಇನ್ನೊಂದು ಬಂದು ಕೂತಿರುತ್ತದೆ. ಒಳಗೇನಿದೆ ಎಂದು ಬಿಚ್ಚಿ ನೋಡುವುದು ಅಪರಾಧ. ನಾನು ಎಂಟು ವರ್ಷದವಳಿದ್ದಾಗ, ನೀರಿನ ಯಂತ್ರದ ತಳ ಬಿಚ್ಚಿದ್ದಕ್ಕೆ ನಮ್ಮಪ್ಪನನ್ನು ವಾರ್ಡಿನ ಕಚೇರಿಯಲ್ಲಿ ಮೂರು ದಿನ ನಿಲ್ಲಿಸಿದ್ದರು. ಅದು ನನಗೆ ನೆನಪಿದೆ. ಆಗ ಸುಮ್ಮನೆ ನೋಡಿಕೊಂಡಿದ್ದ ನೆರೆಹೊರೆಯವರ ಹೆಸರುಗಳೂ ನೆನಪಿವೆ. ಮೊನ್ನೆ ನನ್ನ ತಂಗಿಯ ಮೊಮ್ಮಗಳ ಕೈಗೆ ಒಂದು ನಟ್ಟು ಕೊಟ್ಟು ಸಡಿಲಿಸು ಎಂದೆ. ಇಪ್ಪತ್ತಾರು ವರ್ಷದ ಹುಡುಗಿ, ಕಾಲೇಜಿನಲ್ಲಿ ಕಲಿಸುತ್ತಾಳೆ. ಯಾವ ಕಡೆ ತಿರುಗಿಸಬೇಕೆಂದು ಅವಳಿಗೆ ತಿಳಿಯಲಿಲ್ಲ. ಬಲಗಡೆ ತಿರುಗಿಸಿ ತಿರುಗಿಸಿ ಬಿಗಿ ಮಾಡಿ, ಕೆಟ್ಟಿದೆ ಎಂದು ವಾಪಸು ಕೊಟ್ಟಳು.

ಕಾಯ್ದೆಯಲ್ಲಿ ಒಂದು ಕಿಂಡಿ ಬಿಟ್ಟಿದ್ದಾರೆ. ನೂರು ವರ್ಷ ಮೀರಿದ ಯಂತ್ರವನ್ನು ಮನೆಯವರೇ ಕೈಯಾರೆ ದುರಸ್ತಿ ಮಾಡುವುದಾದರೆ ಬಿಚ್ಚುಪರವಾನಗಿ ಸಿಗುತ್ತದೆ. ಆದರೆ ಏಳು ವರ್ಷಕ್ಕೊಮ್ಮೆ ನಡಿಗೆ ಪರೀಕ್ಷೆ: ಪರಿವೀಕ್ಷಕರ ಎದುರು ಯಂತ್ರ ತನ್ನ ಬಲದಿಂದಲೇ ಕೆಲಸ ಮಾಡಿ ತೋರಿಸಬೇಕು. ಕಾರಾದರೆ ನಾನೂರು ಹೆಜ್ಜೆ ಹೋಗಬೇಕು. ತಪ್ಪಿದರೆ ಇಂಜಿನ್ನಿನೊಳಗೆ ಕಾದ ಅರಗು ಸುರಿದು ಶಾಶ್ವತವಾಗಿ ಮುದ್ರೆ ಹಾಕುತ್ತಾರೆ, ಆಮೇಲೆ ಅದು ನೋಡುವ ವಸ್ತು. ಹುಬ್ಬಳ್ಳಿಯಲ್ಲಿ ಬಿಚ್ಚುಪರವಾನಗಿ ಇರುವ ಯಂತ್ರಗಳು ಈಗ ಎರಡೇ. ಒಂದು ಹಳೆಯ ಊರಿನ ಹಿಟ್ಟಿನ ಗಿರಣಿ, ಇನ್ನೊಂದು ನಿಮ್ಮ ಕಾರು.

ಇನ್ನು ತಕರಾರು. ವಾಮನರಾಯರೇ, ನೀವು ಈ ಕಾರಿಗೆ ಏನೇನು ಮಾಡಿದ್ದೀರಿ! ರೇಡಿಯೇಟರ್ ತೊಳೆದಾಗ ಹಳದಿ ಹೆಕ್ಕಳೆ ಉದುರಿತು. ನಾನು ತುಕ್ಕೆಂದುಕೊಂಡೆ. ನಾಲಿಗೆಗೆ ಹಚ್ಚಿ ನೋಡಿದೆ: ಅರಿಶಿನ. ಸೋರುವ ರೇಡಿಯೇಟರಿಗೆ ಅಡುಗೆಮನೆಯಿಂದ ಅರಿಶಿನ ಪುಡಿ ತಂದು ಸುರಿದಿದ್ದೀರಿ. ಪೆಟ್ರೋಲ್ ಟಾಕಿಯ ಸೀಳಿಗೆ ಬಟ್ಟೆ ಒಗೆಯುವ ಸಾಬೂನು ತಿಕ್ಕಿದ್ದೀರಿ. ಆಕ್ಸಿಲರೇಟರಿನ ತಂತಿ ಸೈಕಲ್ಲಿನ ಬ್ರೇಕಿನದು. ಬಲಗಡೆಯ ಸೀಟಿನೊಳಗೆ ಕುದುರೆ ಕೂದಲು ಇರಬೇಕೆಂದು ಕಾರಿನ ಜೊತೆ ಬಂದ ದುರಸ್ತಿ ಪುಸ್ತಕ ಹೇಳುತ್ತದೆ, ನಿಮ್ಮ ಸೀಟಿನಲ್ಲಿ ಮಡಿಸಿದ ಕೌದಿ ಸಿಕ್ಕಿತು. ಎಲ್ಲೆಲ್ಲಿ ಸಂದು ಇದೆಯೋ ಅಲ್ಲೆಲ್ಲ, ಎರಡು ಮುದ್ದೆ ಕಲಸಿ ಮೆತ್ತುವ ಆ ಬೂದು ಹಿಟ್ಟು. ಅದರ ಮೇಲೆ ನಿಮ್ಮ ಹೆಬ್ಬೆರಳಿನ ಗುರುತು ನೂರು ವರ್ಷ ದಾಟಿದ ನಂತರವೂ ಸ್ಪಷ್ಟವಾಗಿದೆ. ನಿಮ್ಮ ಮುಖ ಹೇಗಿತ್ತೋ ಗೊತ್ತಿಲ್ಲ. ಹೆಬ್ಬೆರಳು ಮಾತ್ರ ಚೆನ್ನಾಗಿ ಗೊತ್ತು.

ಇವುಗಳಿಗೆ ನನ್ನ ಸಿಟ್ಟಿಲ್ಲ. ಸೋರುವುದನ್ನು ನಿಲ್ಲಿಸಬೇಕು, ರವಿವಾರ ಉಣಕಲ್ ಕೆರೆಯವರೆಗೆ ಹೋಗಿ ಬರಬೇಕು ಎಂಬ ಮನುಷ್ಯನ ಹಟ ನನಗೆ ಅರ್ಥವಾಗುತ್ತದೆ. ನಾನೂ ಜೋಳದ ದಂಟಿನ ಸ್ಪಿರಿಟ್ಟಿನಲ್ಲಿ ಇದನ್ನು ಓಡಿಸುತ್ತೇನೆ. ಔಷಧದ ಅಂಗಡಿಯಿಂದ ವರ್ಷಕ್ಕೆ ಮೂರು ಲೀಟರ್ ಸಿಗುತ್ತದೆ, ಅದು ರಬ್ಬರಿನ ಪ್ರತಿಯೊಂದು ಕೊಳವೆಯನ್ನೂ ತಿಂದು ಹಾಕುತ್ತದೆ. ಅರಿಶಿನ ಕಣ್ಣಿಗೆ ಕಾಣುತ್ತದೆ, ಸಾಬೂನು ಕಾಣುತ್ತದೆ. ಕಾಣದ ಹಾಗೆ ನೀವು ಮಾಡಿದ ಕೆಲಸ ಒಂದಿದೆ. ನನ್ನ ಜಗಳ ಅದರ ಬಗ್ಗೆ.

ಈ ವರ್ಷ ಪರೀಕ್ಷೆಗೆ ತಿಂಗಳಿರುವಾಗ ನೀರಿನ ಪಂಪು ಬಿಚ್ಚಿದೆ. ಅದನ್ನು ಇಂಜಿನ್ನಿಗೆ ಹಿಡಿದಿಡುವುದು ನಾಲ್ಕು ಬೋಲ್ಟು. ಮೂರನೆಯದು ತುಕ್ಕು ಹಿಡಿದು ತುಂಡಾಗಿ ಬಂತು, ಹಲ್ಲು ಗುರುತೇ ಸಿಗದಷ್ಟು ಸವೆದಿತ್ತು. ಹೊಸದು ಮಾಡಬೇಕು. ನಮ್ಮ ಓಣಿಯ ಕೊನೆಯ ಮನೆಯಲ್ಲಿ ದಾವಲಸಾಬ ನದಾಫ ಎಂಬ ಮಿಸ್ತ್ರಿ ಇದ್ದಾರೆ, ನನಗಿಂತ ಒಂಬತ್ತು ವರ್ಷ ದೊಡ್ಡವರು. ಅವರ ಮುತ್ತಜ್ಜನ ಮುತ್ತಜ್ಜ ಇಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ಲೇಥು ನಡೆಸಿದವರು. ಈ ಊರಿನಲ್ಲಿ ಇನ್ನೂ ಅಂಗುಲ ಗೊತ್ತಿರುವುದು ಅವರೊಬ್ಬರಿಗೆ. ಅಂಗುಲದ ಎಂಟನೆಯ ಒಂದು ಪಾಲಿಗೆ ಸೂತು ಎನ್ನುತ್ತಾರೆ. ಪುಸ್ತಕದ ಪ್ರಕಾರ ಆ ಬೋಲ್ಟಿನ ದಪ್ಪ ಎರಡೂವರೆ ಸೂತು, ಸುರುಳಿ ಹಲ್ಲು ಅಂಗುಲಕ್ಕೆ ಹದಿನೆಂಟು. ಅವರು ಹನ್ನೊಂದು ದಿನ ಕೂತು, ಕಾಲಿನಿಂದ ತುಳಿಯುವ ಲೇಥಿನಲ್ಲಿ, ಪುಸ್ತಕ ಹೇಳಿದ್ದಕ್ಕೆ ಕೂದಲೆಳೆ ತಪ್ಪದಂತೆ ಅದನ್ನು ಕಡೆದರು.

ಬೋಲ್ಟು ಎರಡು ಸುತ್ತು ಸರಾಗ ಹೋಯಿತು. ಮೂರನೆಯ ಸುತ್ತಿಗೆ ನಿಂತಿತು. ದಾವಲಸಾಬರು ಬೋಲ್ಟು ತಿರುಗಿಸುವ ಪಾನಾ ಕೆಳಗಿಟ್ಟರು. ಬಿಚ್ಚಿ ನೋಡೋಣ, ಮೇಣ ಒತ್ತಿ ಒಳಗಿನ ಅಚ್ಚು ತೆಗೆಯೋಣ ಎಂದರು. ನಾನು ಪುಸ್ತಕ ತೆರೆದು ಆ ಪುಟ ತೋರಿಸಿದೆ. ಅವರು ಅದನ್ನು ನೋಡಲಿಲ್ಲ.

“ಬಾಯಾರ, ಪುಸ್ತಕ ಹೇಳೋದು ಖರೇನ ಐತ್ರಿ,” ಎಂದರು. “ಆದರ ಈ ತೂತು ಆ ಪುಸ್ತಕ ಓದಿಲ್ಲ.”

ನಾನು ಓದಿದವಳು. ತುಕ್ಕು ಅಡ್ಡ ಬಂದಿದೆ, ಜೋರು ಮಾಡಿದರೆ ಹೋಗುತ್ತದೆ ಎಂದೆ. ಪಾನಾದ ಹಿಡಿಕೆಗೆ ಒಂದು ಉದ್ದನೆಯ ಪೈಪು ತೊಡಿಸಿ ಮೈಭಾರ ಹಾಕಿ ತಿರುಗಿಸಿದೆ. ಟಕ್ ಎಂದಿತು. ಬೀಡುಕಬ್ಬಿಣ ಮುರಿಯುವಾಗ ಬಾಗುವುದಿಲ್ಲ, ಎಚ್ಚರಿಸುವುದಿಲ್ಲ. ಇಂಜಿನ್ನಿನ ಮೈಯಲ್ಲಿ, ಆ ರಂಧ್ರದಿಂದ ಕೆಳಕ್ಕೆ, ಬೆರಳುದ್ದದ ಸೀಳು.

ಆಮೇಲೆ ದಾವಲಸಾಬರು ಮನೆಗೆ ಹೋಗಿ ತಮ್ಮ ಡಬ್ಬಿಯಿಂದ ಒಂದು ಹಳೆಯ ಎಂಟು ಮಿಲಿಮೀಟರಿನ ಬೋಲ್ಟು ತಂದರು. ಅದು ಬೆರಳಿನಿಂದಲೇ ಕೊನೆಯವರೆಗೆ ಹೋಯಿತು. ನೀವು ಆ ಒಂದು ರಂಧ್ರವನ್ನು, ನಾಲ್ಕರಲ್ಲಿ ಒಂದನ್ನು ಮಾತ್ರ, ನಿಮ್ಮ ಪೇಟೆಯಲ್ಲಿ ಸಿಗುತ್ತಿದ್ದ ಬೋಲ್ಟಿಗೆ ತಕ್ಕಂತೆ ಹೊಸದಾಗಿ ಕೊರೆದಿದ್ದಿರಿ. ಎರಡಕ್ಕೂ ದಪ್ಪದಲ್ಲಿ ಕಾಗದದಷ್ಟೂ ವ್ಯತ್ಯಾಸವಿಲ್ಲ. ಹಲ್ಲು ಮಾತ್ರ ಬೇರೆ. ಕೊರೆದದ್ದು ತಪ್ಪೆನ್ನುವುದಿಲ್ಲ. ಯಾರಿಗೂ ಹೇಳದೆ ಮೇಲೆ ಗ್ರೀಸು ಬಳಿದು ಹೋದಿರಲ್ಲ, ಅದು ತಪ್ಪು. ನಿಮ್ಮ ನಂತರ ಈ ಕಾರನ್ನು ಯಾರೂ ಬಿಚ್ಚುವುದಿಲ್ಲ ಎಂದುಕೊಂಡಿರಾ? ನಿಮ್ಮ ಸಮಕಾಲೀನರೆಲ್ಲ ಬಹುಶಃ ಹಾಗೆಯೇ ಅಂದುಕೊಂಡಿದ್ದರು. ಕೆರೆ, ಗುಡ್ಡ, ಗಾಳಿ, ಎಲ್ಲದರ ಬಗ್ಗೆಯೂ. ಅದನ್ನೆಲ್ಲ ಬರೆಯಹೊರಟರೆ ಈ ಕಾಗದ ಮುಗಿಯುವುದಿಲ್ಲ.

ಬಿಗಿ ಮಾಡಿದರೆ ಸೀಳು ಬಾಯಿ ಬಿಡುತ್ತದೆಂದು ಆ ಬೋಲ್ಟನ್ನು ಬೆರಳಿನ ಬಿಗಿಗೇ ಬಿಟ್ಟೆವು. ಸೀಳಿಗೆ ತುಕ್ಕು ಹಿಡಿಯಬಾರದೆಂದು ನಾನು ಅದರ ಮೇಲೆ ಎಣ್ಣೆ ಮತ್ತು ಮಸಿ ಕಲಸಿ ಹಚ್ಚಿದೆ. ಹಚ್ಚುವಾಗ ನನಗೆ ನಾನು ಹೇಳಿಕೊಂಡ ಕಾರಣ ಅದು. ಹೊಸ ಸೀಳು ಬೆಳ್ಳಗೆ ಹೊಳೆಯುತ್ತದೆ, ಮಸಿ ಹಚ್ಚಿದರೆ ಹಳೆಯದಾಗಿ ಕಾಣುತ್ತದೆ ಎಂಬುದೂ ನನಗೆ ಗೊತ್ತಿತ್ತು.

ಇಪ್ಪತ್ತನಾಲ್ಕನೇ ತಾರೀಖು ಪರೀಕ್ಷೆ. ಇಡೀ ಓಣಿ ಮಾಳಿಗೆ ಹತ್ತಿತ್ತು. ಎದುರುಮನೆಯ ಗದಿಗೆಪ್ಪ ಮೇಲಿನಿಂದಲೇ, “ಬಾಯಾರ, ಜಗ್ಗಾಕ ಎತ್ತು ತರಸ್ಲೇನ್ರಿ?” ಎಂದು ಕೇಳಿದ. ಕಾರು ಕೀಲಿಯ ಮೊದಲ ತಿರುವಿಗೇ ಚಾಲೂ ಆಗಿ ಅವನ ಬಾಯಿ ಮುಚ್ಚಿಸಿತು. ನೂರು ಹೆಜ್ಜೆ, ಇನ್ನೂರು ಹೆಜ್ಜೆ ಹೋಯಿತು. ಇನ್ನೂರ ನಲವತ್ತಕ್ಕೆ ಬಾನೆಟ್ಟಿನಿಂದ ಹಬೆ ಎದ್ದಿತು. ಇನ್ನೂರ ಎಪ್ಪತ್ತಕ್ಕೆ ನಿಂತಿತು. ಗದಿಗೆಪ್ಪ ಈಗ ನಗಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಪರಿವೀಕ್ಷಕಿ ಶೈಲಶ್ರೀ ಹಾವನೂರ ಒಳ್ಳೆಯ ಹೆಣ್ಣುಮಗಳು. ಬಾನೆಟ್ಟು ಎತ್ತಿ, ಮೊಣಕಾಲೂರಿ, ದೀಪ ಹಿಡಿದು ಸೀಳನ್ನು ನೋಡಿದಳು. ತುಂಬ ಹೊತ್ತು ನೋಡಿದಳು.

“ಇದು ಯಾರ ಕೈಲೆ ಸೀಳಿದ್ದರೀ ಅಮ್ಮಾರ? ಮೊದಲಿನವರ ಕೈಲೆ ಆಗಿದ್ದಂದ್ರ ಮೂರು ವರ್ಷ ವಾಯಿದೆ ಕೊಡಾಕ ಬರತೈತಿ. ನಿಮ್ಮ ಕೈಲೆ ಆಗಿದ್ದಂದ್ರ ಬರೂದಿಲ್ಲ.”

ದಾವಲಸಾಬರು ನನ್ನ ಪಕ್ಕದಲ್ಲೇ ಇದ್ದರು. ನಾನು, “ಮೊದಲಿನವರ ಕೈಲೆ,” ಎಂದೆ. ಹೆಸರು ಕೇಳಿದಳು. ನಿಮ್ಮ ಹೆಸರು ಕೊಟ್ಟೆ. ಮಿಸ್ತ್ರಿ ಏನಂತೀರಿ ಎಂದು ಅವರನ್ನು ಕೇಳಿದಾಗ, ವಯಸ್ಸಾತು, ನೆನಪು ಉಳಿಯೂದಿಲ್ಲ ಎಂದರು. ಆ ಮನುಷ್ಯನಿಗೆ ಐವತ್ತು ವರ್ಷದ ಹಿಂದೆ ಕಡೆದ ಬೋಲ್ಟಿನ ಅಳತೆ ನೆನಪಿರುತ್ತದೆ. ಈಗ ಸರಕಾರದ ದಾಖಲೆಯಲ್ಲಿ, ಮುದ್ರೆ ಸಹಿತ, ಹೀಗೆ ಬರೆದಿದೆ: ಇಂಜಿನ್ನಿನ ಸೀಳು ಹಿಂದಿನ ಮಾಲೀಕ ವಾ. ರಾ. ಕಟ್ಟಿಯವರ ಅಜಾಗರೂಕತೆಯಿಂದ ಆದದ್ದು.

ಅವತ್ತು ಎಲ್ಲರೂ ಹೋದ ಮೇಲೆ ದಾವಲಸಾಬರು ತಮ್ಮ ಪಾನಾಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡರು. ಇಷ್ಟು ವರ್ಷ ಅವು ನನ್ನ ಗ್ಯಾರೇಜಿನ ಗೋಡೆಯ ಮೇಲೇ ಇರುತ್ತಿದ್ದವು.

“ಸತ್ತವರ ಹೆಗಲ ಮ್ಯಾಲ ಹೊರೆ ಹೊರಸೋದು ಭಾಳ ಸಸಾರ ಐತ್ರಿ ಬಾಯಾರ,” ಎಂದರು. “ಅವರು ಇಳಸೂದಿಲ್ಲ.”

ಆಮೇಲೆ ಐದು ದಿನ ಅವರು ಬರಲಿಲ್ಲ. ನಾನೂ ಗ್ಯಾರೇಜಿಗೆ ಹೋಗಲಿಲ್ಲ. ಹೋಗಿ ಮಾಡುವುದೇನು? ಮೂರು ವರ್ಷ ಇದೆ, ಸೀಳನ್ನು ಹೊಲಿಯಬಹುದು, ಎಲ್ಲ ಸರಿಮಾಡಬಹುದು. ಬಾನೆಟ್ಟು ಎತ್ತಿದಾಗೆಲ್ಲ ನಾನು ಹಚ್ಚಿದ ಮಸಿ ಕಾಣುತ್ತದೆ. ಮೂವತ್ತೊಂದು ವರ್ಷ ನಿಮ್ಮನ್ನು ಬೈದದ್ದು ನೀವು ಮಾಡಿದ್ದಕ್ಕೆ. ನೀವು ಮಾಡದ್ದನ್ನು ನಿಮ್ಮ ಹೆಸರಿಗೆ ಬರೆಸುವ ಹಕ್ಕು ನನಗಿರಲಿಲ್ಲ. ಅದಕ್ಕೆ ನಿಮ್ಮ ಕ್ಷಮೆ ಕೇಳುತ್ತೇನೆ. ಆದರೆ ಸಿಟ್ಟು ಇಳಿದಿದೆ ಎಂದು ತಿಳಿಯಬೇಡಿ. ಪೈಪು ತೊಡಿಸಿದ ಕೈ ನನ್ನದು, ಗ್ರೀಸು ಬಳಿದ ಕೈ ನಿಮ್ಮದು; ನನ್ನ ಪಾಲು ನಾನು ಹೊರುತ್ತೇನೆ, ನಿಮ್ಮದು ನಿಮಗೇ ಇರಲಿ.

ಈ ಕಾಗದ ಹೇಗಾದರೂ ನಿಮ್ಮ ಕೈ ಸೇರಿದರೆ ಒಂದು ಕೇಳಿಕೆ. ಕಾರು ಇನ್ನೂ ನಿಮ್ಮ ಅಂಗಳದಲ್ಲಿದ್ದರೆ ಇವತ್ತೇ ಬಾನೆಟ್ಟು ಎತ್ತಿ. ನೀರಿನ ಪಂಪಿನ ಮೂರನೆಯ ಬೋಲ್ಟಿನ ಪಕ್ಕ, ಬೀಡುಕಬ್ಬಿಣದ ಮೇಲೆ, ಒಂದು ಮೊಳೆಯಿಂದ ‘ಎಂಟು ಮಿಲಿಮೀಟರ್’ ಎಂದು ಕೆರೆಯಿರಿ. ಎರಡೇ ನಿಮಿಷದ ಕೆಲಸ. ಅಕ್ಷರ ಚೆಂದ ಇರಬೇಕಾಗಿಲ್ಲ.

ನಾಳೆ ಬೆಳಿಗ್ಗೆ ಹತ್ತಕ್ಕೆ ಪರಿವೀಕ್ಷಕರ ಕಚೇರಿ ತೆರೆಯುತ್ತದೆ. ದಾಖಲೆಯಲ್ಲಿ ನಿಮ್ಮ ಹೆಸರು ಹೊಡೆದುಹಾಕಿಸಿ ನನ್ನ ಹೆಸರು ಬರೆಸಿ ಬರುತ್ತೇನೆ. ವಾಯಿದೆ ಆ ಕ್ಷಣವೇ ರದ್ದಾಗುತ್ತದೆ. ಅರಗಿನ ಗಾಡಿ ಮಧ್ಯಾಹ್ನ ಮನೆಗೆ ಬರುತ್ತದೆ. ಸಾಕ್ಷಿಗೆ ಬರುವಿರಾ ಎಂದು ದಾವಲಸಾಬರಿಗೆ ಹೇಳಿ ಕಳಿಸಿದ್ದೆ. ಬರುತ್ತಾರಂತೆ. ಕಚೇರಿಯಿಂದ ನೇರ ಗ್ಯಾರೇಜಿಗೆ ಹೋಗಬೇಕು, ಗಾಡಿ ಬರುವುದರೊಳಗೆ ಆ ಎಂಟು ಮಿಲಿಮೀಟರಿನ ಬೋಲ್ಟನ್ನು ಪಾನಾ ಹಾಕಿ ಪೂರ್ತಿ ಬಿಗಿ ಮಾಡಬೇಕು, ಮಸಿಯನ್ನೂ ಒರೆಸಬೇಕು ಎಂದು ಹೇಳಿದ್ದಾರೆ. ಇನ್ನೆಂದೂ ಓಡದ ಕಾರಿಗೆ ಯಾಕೆ ಎಂದು ನಾನು ಕೇಳಲಿಲ್ಲ. ಚಿಂದಿ ಬಟ್ಟೆ ಮತ್ತು ಸೀಮೆಎಣ್ಣೆ ತೆಗೆದಿಟ್ಟಿದ್ದೇನೆ.

ಇಂತು,
ನಿಮ್ಮ ಕಾರನ್ನು ಸೀಳಿದವಳು,
ಇಂದುಮತಿ ಕಮ್ಮಾರ