ಪೆನ್ನಿನಲ್ಲಿ ಬರೆದ ತಾರೀಕು

ಶಕ್ತಿನಗರ, ಮಂಗಳೂರು
14 ಮೇ 2025, ಬುಧವಾರ

ಪ್ರೀತಿಯ ಹರಿಣಕ್ಕನಿಗೆ,

ಬಾಗಿಯ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ನೋಡಿ ನಗಬೇಡ. ಕ್ಯಾಲೆಂಡರಿನ ಚೌಕದೊಳಗೆ ಹಿಡಿಯುವಷ್ಟು ಬರೆದೇ ಅಭ್ಯಾಸವಾದ್ದರಿಂದ ಅಕ್ಷರಗಳೆಲ್ಲ ಇರುವೆಗಳ ಹಾಗೆ ಒತ್ತಿಕೊಂಡು ನಿಲ್ಲುತ್ತವೆ. ಒತ್ತು, ದೀರ್ಘ ಎಲ್ಲಿ ತಪ್ಪಿದೆಯೋ ಅಲ್ಲಿ ನೀನೇ ಸರಿ ಮಾಡಿಕೊಂಡು ಓದು. ಶಾಲೆಗೆ ಹೋಗುವಾಗಲೂ ನನ್ನ ಕಾಪಿ ಪುಸ್ತಕ ತಿದ್ದುತ್ತಿದ್ದವಳು ನೀನೇ ಅಲ್ಲವೇ?

ತಡವಾದದ್ದಕ್ಕೂ ಬೈಯಬೇಡ. ಬಿಸು ಹಬ್ಬದ ದಿನ ಫೋನಿನಲ್ಲಿ ನೀನು, "ಎಂತ ಕೇಳಿದ್ರೂ ಹೂಂ, ಊಹೂಂ. ನಿನ್ನ ಹತ್ರ ಮಾತಾಡುವುದೂ ಗೋಡೆ ಹತ್ರ ಮಾತಾಡುವುದೂ ಒಂದೇ ಮಾರಾಯ್ತಿ. ಬರೆದಾದ್ರೂ ಕಳಿಸು" ಎಂದಿದ್ದಿ. ನಿನಗೆ ಗೊತ್ತುಂಟಲ್ಲ, ಈ ಮನೆಯಲ್ಲಿ ಯಾರ ಫೋನು ಬಂದರೂ ಸ್ಪೀಕರಿಗೆ ಹಾಕುವುದು. ದೊಡ್ಡಮ್ಮ, ಮೂವರು ಅತ್ತಿಗೆಯರು, ಮಕ್ಕಳು ಎಲ್ಲ ಸುತ್ತ ನಿಂತಿರುವಾಗ ನನಗೆ ಅದಕ್ಕಿಂತ ಹೆಚ್ಚು ಬಾಯಿ ಬರುವುದಿಲ್ಲ. ನಾಳೆ ಪಕ್ಕದ ಮನೆಯ ಡೈಸಿ ಬಾಯಿ ಮಗಳ ಬಾಣಂತನಕ್ಕೆ ಮುಂಬೈಗೆ ಹೊರಟಿದ್ದಾರೆ. ನಿಮಗೆ ಹಲಸಿನ ಹಪ್ಪಳ, ಯೋಗೀಶ್ ಬಾವನಿಗೆ ಒಣ ಸಿಗಡಿ ಕಟ್ಟಿ ಕೊಡುತ್ತಿದ್ದೇನೆ. ಕಾಗದ ಹಪ್ಪಳದ ಕಟ್ಟಿನಲ್ಲಿದೆ. ಸಿಗಡಿಯ ಕಟ್ಟಿನಲ್ಲಿಟ್ಟರೆ ನೀನು ಮೂಗು ಮುಚ್ಚಿಕೊಂಡು ಓದಬೇಕಾದೀತು.

ಇದನ್ನು ಈಜುಕೊಳದ ಹೊರಗಿನ ಕಟ್ಟೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮಡಿಲಲ್ಲಿ ಮಕ್ಕಳ ಮೈ ಒರೆಸುವ ನಾಲ್ಕು ಬೈರಾಸು, ಪಕ್ಕದಲ್ಲಿ ನಾಲ್ಕು ಜೋಡಿ ಚಪ್ಪಲಿ. ಪರೀಕ್ಷೆ ಮುಗಿದ ಮರುದಿನದಿಂದ ನಮ್ಮ ಮನೆ ಬಸ್‌ಸ್ಟ್ಯಾಂಡಿನ ಹಾಗೆ ಆಗಿದೆ. ಏಳು ಮಕ್ಕಳಲ್ಲಿ ಸಣ್ಣ ಅತ್ತಿಗೆಯ ನಾಲ್ಕು ತಿಂಗಳ ಕೂಸನ್ನು ಬಿಟ್ಟು ಉಳಿದ ಆರೂ ಮಂದಿಗೆ ಒಂದಲ್ಲ ಒಂದು ಕ್ಲಾಸು. ಉರ್ವದಲ್ಲಿ ಚಿತ್ರ, ಕಂಕನಾಡಿಯಲ್ಲಿ ಚೆಸ್, ನಮ್ಮ ಶಕ್ತಿನಗರದ ಹಾಲ್‌ನಲ್ಲೇ ಯಕ್ಷಗಾನ, ಮತ್ತೆ ಈ ಈಜು. ಅತ್ತಿಗೆಯರಿಗೆ ಕೆಲಸ, ಅಣ್ಣಂದಿರಿಗೆ ಅಂಗಡಿ. ಹಾಗಾಗಿ ಕರೆದುಕೊಂಡು ಹೋಗುವವಳೂ ತರುವವಳೂ ನಾನೇ. ಚಿತ್ರದ ಎಲೇನ್ ಟೀಚರ್ ಮೊನ್ನೆ ನನ್ನನ್ನು, "ನೀವು ಇದರಲ್ಲಿ ಯಾರ ಮಮ್ಮಿ?" ಎಂದು ಕೇಳಿದರು. ನಾನು ನೆಲ ನೋಡಿದೆ. ನಡು ಅತ್ತಿಗೆಯ ಕಿರಿಯವಳು, "ಎಲ್ಲರದ್ದೂ ಸ್ವಲ್ಪ ಸ್ವಲ್ಪ ಮಿಸ್" ಎಂದಳು.

ಯಾವ ದಿನ ಯಾರಿಗೆ ಎಲ್ಲಿ ಎಂಬುದೆಲ್ಲ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಉಂಟು. ಅದನ್ನು ಬರೆಯುವ ಕೆಲಸವೂ ನನ್ನದೇ. ಒಂದು ಪೆನ್ಸಿಲಿಗೆ ದಾರ ಕಟ್ಟಿ ಮೊಳೆಗೆ ತೂಗು ಹಾಕಿದ್ದೇವೆ. ಕ್ಲಾಸುಗಳ ಹೊತ್ತು ದಿನಕ್ಕೊಂದು ಸಲ ಬದಲಾಗುತ್ತದಲ್ಲ, ಹಾಗಾಗಿ ಮಕ್ಕಳದ್ದೆಲ್ಲ ಪೆನ್ಸಿಲಿನಲ್ಲಿ. ಪೆನ್ನಿನಲ್ಲಿ ಬರೆಯುವುದು ಬದಲಾಗದ್ದನ್ನು ಮಾತ್ರ: ಅಜ್ಜನ ತಿಥಿ, ಮದುವೆ, ನಾಗನ ತಂಬಿಲದ ಪೂಜೆ. ಅದನ್ನು ದುಗ್ಗಪ್ಪ ದೊಡ್ಡಪ್ಪನೇ ಬರೆಯುವುದು, ಬೇರೆ ಯಾರೂ ಮುಟ್ಟುವುದಿಲ್ಲ. ಬೆಳಿಗ್ಗೆ ಎಲ್ಲರೂ ಚಾ ಕುಡಿಯುವಾಗ ನಾನು ಆ ದಿನದ ಚೌಕವನ್ನು ಗಟ್ಟಿಯಾಗಿ ಓದಬೇಕು. ಈ ಮನೆಯಲ್ಲಿ ನನ್ನ ಸ್ವರ ಕೇಳುವುದು ಆ ಹೊತ್ತಿಗೆ ಮಾತ್ರ. ದೊಡ್ಡಪ್ಪ, "ಹಾಂ, ವಾರ್ತೆ ಶುರುವಾಯ್ತು, ಎಲ್ಲ ಬಾಯಿ ಮುಚ್ಚಿ" ಎನ್ನುತ್ತಾರೆ.

ಕಳೆದ ವಾರ ಒಂದು ತಮಾಷೆಯಾಯಿತು. ಅವಸರದಲ್ಲಿ ಚೀಲ ಅದಲುಬದಲಾಗಿ ಗೆಜ್ಜೆ ಈಜುಕೊಳಕ್ಕೆ ಬಂತು, ಈಜುವ ಚಡ್ಡಿ ಯಕ್ಷಗಾನಕ್ಕೆ ಹೋಯಿತು. ಈಜು ಕಲಿಸುವ ಗೇವಿನ್ ಸರ್ ಗೆಜ್ಜೆಯನ್ನು ಎತ್ತಿ ಹಿಡಿದು, "ಇದೆಂತ ಮಾರಾಯ, ನೀರಲ್ಲಿ ಕುಣೀಲಿಕ್ಕುಂಟಾ?" ಎಂದು ಕೇಳಿದರು. ಪ್ರಥಮ್ ಮಾತ್ರ ನಗಲಿಲ್ಲ. ದೊಡ್ಡ ಅತ್ತಿಗೆಯ ಮಗ ಪ್ರಥಮನಿಗೆ ಈಗ ಹದಿಮೂರು ಕಳೆಯಿತು ಅಕ್ಕ. ನಾನು ಈ ಮನೆಗೆ ಬಂದಾಗ ಮೂರು ತಿಂಗಳ ಕೂಸು. ಈಗ ನನಗಿಂತ ಒಂದು ಗೇಣು ಎತ್ತರ. ಬಸ್ಸಿನಲ್ಲಿ ನನ್ನ ಪಕ್ಕ ಕೂರಲು ನಾಚಿಕೆ. ಆದರೆ ಇಳಿಯುವಾಗ ಚೀಲ ಮಾತ್ರ ಅವನೇ ಹಿಡಿದುಕೊಳ್ಳುತ್ತಾನೆ.

ಆ ಚೀಲ ಅದಲುಬದಲಾದದ್ದು ನನ್ನ ಕೈಯಿಂದ. ಅತ್ತಿಗೆ ಬೈದದ್ದು ದೀಕ್ಷಿತಾಳಿಗೆ. ದೀಕ್ಷಿತಾ ಯಾರೆಂದು ನಿನಗೆ ಹೇಳಲೇ ಇಲ್ಲ ಅಲ್ಲವೇ? ದೊಡ್ಡಪ್ಪನ ತಂಗಿಯ ಮೊಮ್ಮಗಳು. ವೇಣೂರಿನ ಹತ್ತಿರ ಮನೆ. ಈ ಸಲ ಏಳನೇ ಕ್ಲಾಸು ಮುಗಿಸಿದಳು. ಏಪ್ರಿಲಿನಲ್ಲಿ ಅವಳ ಅಮ್ಮ ಕಟ್ಟಿದ ಬೀಡಿ ಕೊಡುವ ಬ್ರಾಂಚಿಗೆ ರಜೆ ಹಾಕಿ ಕರೆದುಕೊಂಡು ಬಂದು, "ರಜೆಯಲ್ಲಿ ಮಕ್ಕಳೊಟ್ಟಿಗೆ ಇರ್ಲಿ, ಸಣ್ಣದನ್ನು ನೋಡ್ಲಿಕ್ಕೂ ಒಂದು ಜನ ಆಯ್ತು" ಎಂದು ಬಿಟ್ಟುಹೋದರು. ಒಳ್ಳೆಯ ಹುಡುಗಿ. ಮಾತು ಕಡಿಮೆ. ಎಲ್ಲರಿಗೂ ಕ್ಲಾಸು ಉಂಟು, ಅವಳಿಗೆ ಕೂಸು ಉಂಟು. ಕ್ಯಾಲೆಂಡರಿನಲ್ಲಿ ಅವಳ ಹೆಸರು ಒಂದು ಚೌಕದಲ್ಲೂ ಇಲ್ಲ.

ಯಕ್ಷಗಾನದ ಹಾಲ್‌ಗೆ ನಾನು ಮಕ್ಕಳನ್ನು ಕರೆದುಕೊಂಡು ಹೋಗುವಾಗ ಅವಳೂ ಕೂಸನ್ನು ಎತ್ತಿಕೊಂಡು ಬರುತ್ತಾಳೆ, ಕಿಟಕಿಯ ಹೊರಗೆ ನಿಲ್ಲುತ್ತಾಳೆ. ಒಳಗೆ ನಮ್ಮವರು ಇನ್ನೂ ಎಡವುತ್ತಿದ್ದಾರೆ. ಇವಳು ಹೊರಗೆ ಕೂಸನ್ನು ತಟ್ಟುತ್ತಾ ತಟ್ಟುತ್ತಾ ಅಷ್ಟೂ ಹೆಜ್ಜೆ ಕಲಿತುಬಿಟ್ಟಿದ್ದಾಳೆ. ನಾನು ನೋಡಿದೆನೆಂದು ಗೊತ್ತಾದ ಕೂಡಲೇ ಕಾಲು ನಿಲ್ಲಿಸಿದಳು, ಏನೋ ಕದ್ದವಳ ಹಾಗೆ.

ಈಗ ಮುಖ್ಯ ವಿಷಯ. ಭಾನುವಾರ ಊಟದ ಹೊತ್ತಿಗೆ ಅವಳ ಅಮ್ಮನ ಫೋನು ಬಂತು. ಸ್ಪೀಕರಿನಲ್ಲೇ. ಮಗಳನ್ನು ಯಾವಾಗ ಕರೆದುಕೊಂಡು ಹೋಗಬೇಕೆಂದು ಅವರು ಕೇಳಿದರು. ದೊಡ್ಡಮ್ಮ, "ಅವಸರ ಎಂತ? ಕೂಸು ಅವಳಿಗೆ ಒಗ್ಗಿ ಹೋಗಿದೆ. ಇಲ್ಲೇ ಇರ್ಲಿ. ಇಲ್ಲಿಯೂ ಶಾಲೆ ಉಂಟಲ್ಲ, ನಿಧಾನಕ್ಕೆ ಸೇರಿಸುವ" ಎಂದರು. ಆ ಕಡೆಯಿಂದ, "ಅವಳು ಎಂತ ಹೇಳ್ತಾಳೆ?" ಎಂದು ಕೇಳಿತು. ಆಗ ದೊಡ್ಡಮ್ಮ ತಿರುಗಿ, "ಎಂತ ಮಗಾ, ಇರ್ತೀಯಲ್ಲ? ನಾವೆಲ್ಲ ಬೇಕಲ್ಲ ನಿನಗೆ?" ಎಂದು ಕೇಳಿದರು. ಹದಿನಾಲ್ಕು ಜನ ಅವಳ ಮುಖ ನೋಡುತ್ತಿದ್ದರು. ಒಬ್ಬರೂ ಕೆಟ್ಟ ಮನಸ್ಸಿನಿಂದ ನೋಡಲಿಲ್ಲ, ಅದನ್ನೂ ಹೇಳಬೇಕು. ಅವಳ ಸೊಂಟದಲ್ಲಿ ಕೂಸು ಇತ್ತು. ಅವಳು ತಲೆ ಅಲ್ಲಾಡಿಸಿದಳು. "ಹೂಂ ಅಂತಾಳೆ" ಎಂದು ದೊಡ್ಡಮ್ಮ ಫೋನಿಗೆ ಹೇಳಿದರು. ಎಲ್ಲರಿಗೂ ಖುಷಿಯಾಯಿತು. ಸಣ್ಣ ಅತ್ತಿಗೆ ಅವಳ ಬಟ್ಟಲಿಗೆ ಇನ್ನೊಂದು ತುಂಡು ಮೀನು ಹಾಕಿದರು.

ನಾನು ನನ್ನ ಬಟ್ಟಲು ಎತ್ತಿಕೊಂಡು ತೊಳೆಯಲು ಹೋದೆ.

ಮರುದಿನ ತಾರಸಿಯಲ್ಲಿ ಬಟ್ಟೆ ಒಣಗಲು ಹಾಕುವಾಗ ನಾವಿಬ್ಬರೇ ಇದ್ದೆವು. ನಾನು ಅವಳಿಗೆ ಬೆನ್ನು ಹಾಕಿ, ಒಂದು ಬೆಡ್‌ಶೀಟು ಕೊಡವುತ್ತಾ ಕೇಳಿದೆ. ಮುಖ ನೋಡಿ ಕೇಳಿದರೆ ನಮ್ಮಂಥವರಿಂದ ಉತ್ತರ ಬರುವುದಿಲ್ಲವೆಂದು ನನಗೆ ಗೊತ್ತುಂಟು. "ನಿನ್ನೆ ನೀನು ಇರ್ತೇನೆ ಅಂದದ್ದು ಹೌದಾ, ಅಥವಾ ಎಲ್ಲರೂ ನೋಡ್ತಾ ಇದ್ರು ಅಂತವಾ?"

ನನ್ನ ಹಿಂದೆ ನಾಲ್ಕೈದು ಕ್ಲಿಪ್ಪು ಹಾಕಿದ ಸದ್ದಾಯಿತು. ಮತ್ತೆ ಅವಳು ಹೇಳಿದಳು: "ಹೈಸ್ಕೂಲಿಗೆ ಹೆಸರು ಕೊಟ್ಟಾಗಿದೆ ಬಾಗಿಯಕ್ಕ. ನಾನೂ ನಮ್ಮ ನೆರೆಯ ಬೆನ್ನಿಯವರ ಮನೆಯ ಹುಡುಗಿಯೂ ಒಂದೇ ಬೆಂಚಿನಲ್ಲಿ ಕೂರುವುದು ಅಂತ ಮಾತಾಗಿದೆ. ನಾನು ಹೋಗದಿದ್ರೆ ಅವಳು ಒಬ್ಬಳೇ ಆಗ್ತಾಳೆ."

"ಹಾಗಾದ್ರೆ ಹೇಳ್ಬೇಕಿತ್ತಲ್ಲ ಮಾರಾಯ್ತಿ."

"ಹೇಗೆ ಹೇಳುವುದು? ಎಲ್ಲರೂ ಎಷ್ಟು ಒಳ್ಳೆಯವರು."

ಅಕ್ಕ, ಇದನ್ನು ನಾನು ಯಾರ ಹತ್ತಿರ ಹೇಳಲಿ? ನನ್ನನ್ನು ಈ ಮನೆಯವರು ಹದಿಮೂರು ವರ್ಷ ಸಾಕಿದ್ದಾರೆ. ಜ್ವರ ಬಂದಾಗ ದೊಡ್ಡಮ್ಮ ಹಣೆಗೆ ಬಟ್ಟೆ ಹಾಕಿ ಕೂತಿದ್ದಾರೆ. ಎದುರು ಮಾತಾಡಿದವಳಲ್ಲ ನಾನು. ಅದಕ್ಕೇ ನಿನ್ನಲ್ಲಿ ಕೇಳುವುದು. ನೀನೊಂದು ಫೋನು ಮಾಡಿ ದೊಡ್ಡಮ್ಮನಿಗೆ ಮೆಲ್ಲ ಹೇಳು, ಆ ಹುಡುಗಿಯನ್ನು ಕಳಿಸಿಕೊಡಲಿ. ಕೂಸನ್ನು ನಾನು ನೋಡಿಕೊಳ್ಳುತ್ತೇನೆ. ಇಪ್ಪತ್ತೊಂಬತ್ತಕ್ಕೆ ಶಾಲೆ ಶುರು. ನೀನು ಹೇಳಿದರೆ ಅವರು ಕೇಳುತ್ತಾರೆ.

ಗೇವಿನ್ ಸರ್ ವಿಸಿಲ್ ಊದಿದರು. ನಾಲ್ಕು ಒದ್ದೆ ತಲೆಗಳು ನನ್ನ ಕಡೆ ಓಡಿ ಬರುತ್ತಿವೆ. ಯೋಗೀಶ್ ಬಾವನಿಗೆ ನಮಸ್ಕಾರ ತಿಳಿಸು. ನಿನ್ನ ಪುಟ್ಟನ ಎರಡು ಕೆನ್ನೆಗೂ ಈ ಚಿಕ್ಕಮ್ಮನ ಒಂದೊಂದು ಮುತ್ತು. ಅವನಿಗೆ ಶೀತವಾಗದಿರಲಿ, ನಿನ್ನ ಸೊಂಟನೋವು ಬೇಗ ಕಡಿಮೆಯಾಗಲಿ, ನಿಮ್ಮ ಮನೆಯ ದೀಪ ಯಾವಾಗಲೂ ಬೆಳಗುತ್ತಿರಲಿ.

ನಿನ್ನ ತಂಗಿ,
ಬಾಗಿ

ಗುರುವಾರ ಬೆಳಿಗ್ಗೆ ಸೇರಿಸಿದ್ದು:

ಅಕ್ಕ, ಮೇಲೆ ಬರೆದದ್ದನ್ನು ಓದಿ ನೋಡಿದೆ. ಹೇಳಬೇಕಾದ್ದನ್ನು ಬಿಟ್ಟು ಉಳಿದದ್ದೆಲ್ಲ ಬರೆದಿದ್ದೇನೆ. ಡೈಸಿ ಬಾಯಿ ಮಧ್ಯಾಹ್ನ ಹೊರಡುವುದು, ಇನ್ನೂ ಹೊತ್ತುಂಟು.

ಶಾಲೆಯ ಮಾತು ಬಂದಾಗಲೆಲ್ಲ ನೀನು, "ನೀನೇ ಅಲ್ವಾ ಬೇಡ ಅಂದದ್ದು" ಎನ್ನುತ್ತಿ. ಬಿಸುವಿನ ದಿನವೂ ಅಂದಿ. ನಾನು ಹೂಂ ಎಂದೆ.

ನಾನು ಈ ಮನೆಗೆ ಬಂದ ವರ್ಷ, ಶಾಲೆ ಶುರುವಾಗುವ ಮೊದಲು ನನ್ನನ್ನು ಕರೆದುಕೊಂಡು ಹೋಗಲು ನೀನು ಬಂದಿದ್ದಿ. ನಿನ್ನ ಹಳೆಯ ನೀಲಿ ಲಂಗದ ಅಂಚು ಮಡಚಿ ನನ್ನ ಅಳತೆಗೆ ಹೊಲಿದು ತಂದಿದ್ದಿ. ಇದೇ ಅಡುಗೆಮನೆಯಲ್ಲಿ ದೊಡ್ಡಮ್ಮ ಎಲ್ಲರೆದುರು, "ಎಂತ ಬಾಗಿ, ಇರ್ತೀಯಲ್ಲ?" ಎಂದು ಕೇಳಿದರು. ನನ್ನ ಸೊಂಟದಲ್ಲಿ ಪ್ರಥಮ್ ಇದ್ದ. ನಾನು ತಲೆ ಅಲ್ಲಾಡಿಸಿದೆ. ನೀನು ಲಂಗವನ್ನು ಚೀಲದಿಂದ ತೆಗೆಯಲೇ ಇಲ್ಲ. ಅದರ ತುದಿ ಹೊರಗೆ ಕಾಣುತ್ತಿತ್ತು. ನಿನ್ನನ್ನು ಕಳಿಸಲು ಗೇಟಿನವರೆಗೆ ಬಂದೆ. ಅಲ್ಲಿ ನಾವಿಬ್ಬರೇ. ಈಗ ಇನ್ನೊಮ್ಮೆ ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ಕಾದೆ. ನೀನು, "ಸರಿಯಾಗಿ ಊಟ ಮಾಡು" ಎಂದು ಹೇಳಿ ಬಸ್ಸಿಗೆ ಹೋದಿ.

ನಿನ್ನ ತಪ್ಪೆಂದು ಬರೆಯುತ್ತಿಲ್ಲ. ನಿನಗೂ ಆಗ ಹತ್ತೊಂಬತ್ತು. ನನ್ನ ತಲೆ ಅಲ್ಲಾಡಿದ್ದನ್ನು ನೀನು ನಂಬಿದಿ, ಅಷ್ಟೆ. ಆದರೆ ನಾನು ಬೇಡ ಎಂದದ್ದಲ್ಲ ಅಕ್ಕ. ಅದೊಂದು ಮಾತನ್ನು ಇನ್ನು ಮೇಲೆ ಹೇಳಬೇಡ.

ಮತ್ತೆ, ನೀನು ದೊಡ್ಡಮ್ಮನಿಗೆ ಫೋನು ಮಾಡಬೇಕೆಂದಿಲ್ಲ. ಇವತ್ತು ಬೆಳಿಗ್ಗೆ ಚಾ ಇಡುವ ಮೊದಲು ಫ್ರಿಜ್ಜಿನ ಮೇಲಿದ್ದ ದೊಡ್ಡಪ್ಪನ ಪೆನ್ನು ತೆಗೆದುಕೊಂಡೆ. ಇಪ್ಪತ್ತೇಳರ ಚೌಕದಲ್ಲಿ ಬರೆದೆ, ಅಕ್ಷರ ಸ್ವಲ್ಪ ಸೊಟ್ಟವಾಯಿತು. ಎಲ್ಲರೂ ಬಂದು ಕೂತ ಮೇಲೆ ಇವತ್ತಿನ ಚೌಕ ಓದಿದೆ: ಉರ್ವ ಹತ್ತು ಗಂಟೆ, ಈಜು ನಾಲ್ಕು ಗಂಟೆ. ಅಲ್ಲಿಗೆ ನಿಲ್ಲಿಸಲಿಲ್ಲ. "ಇಪ್ಪತ್ತೇಳು, ಮಂಗಳವಾರ. ದೀಕ್ಷಿತಾ ಊರಿಗೆ. ಶಾಲೆ" ಎಂದು ಓದಿದೆ.

ದೊಡ್ಡಮ್ಮ, "ಅದೆಂತದು? ಅವಳೇ ಇರ್ತೇನೆ ಅಂದದ್ದಲ್ವಾ?" ಎಂದರು.

"ನಾನು ಇನ್ನೊಮ್ಮೆ ಕೇಳಿದೆ ದೊಡ್ಡಮ್ಮ" ಎಂದೆ. ಅಷ್ಟೇ ಹೇಳಲು ಆದದ್ದು.

ದೊಡ್ಡಮ್ಮ ನನ್ನನ್ನು ನೋಡಿದರು, ಬಾಗಿಲ ಬಳಿ ಕೂಸನ್ನು ಎತ್ತಿಕೊಂಡು ನಿಂತಿದ್ದ ದೀಕ್ಷಿತಾಳನ್ನು ನೋಡಿದರು, ಮತ್ತೆ ತಿರುಗಿ ನನ್ನನ್ನೇ ಬಹಳ ಹೊತ್ತು ನೋಡಿದರು. ಎದ್ದು ಹೋಗಿ ಅವಳ ಸೊಂಟದಿಂದ ಕೂಸನ್ನು ತೆಗೆದುಕೊಂಡರು.

ದೊಡ್ಡಪ್ಪ ಕನ್ನಡಕ ಹಾಕಿ ಕ್ಯಾಲೆಂಡರಿನ ಹತ್ತಿರ ಬಂದರು. ಪೆನ್ನು ಮುಟ್ಟಿದ್ದಕ್ಕೆ ಬೈಯುತ್ತಾರೆಂದು ನಾನು ಕಣ್ಣು ಮುಚ್ಚಿಕೊಂಡೆ. ಅವರು ಚೌಕವನ್ನು ಓದಿ, "ಪೆನ್ನಲ್ಲಿ ಬರೆದಾಗಿದೆಯಲ್ಲ" ಎಂದರು. ಮತ್ತೆ, "ಬಸ್ಸು ಎಷ್ಟು ಗಂಟೆಗೆ ಅಂತ ಬರೆಯದಿದ್ರೆ ಹೇಗೆ?" ಎಂದರು.

ಪೆನ್ನು ಇನ್ನೂ ನನ್ನ ಕೈಯಲ್ಲೇ ಇತ್ತು. ಬೆಳಿಗ್ಗೆ ಏಳೂವರೆ ಎಂದು ಬರೆದೆ.