ಚಿತ್ರವಿಲ್ಲದ ಚಿತ್ರ

ನವೆಂಬರ್ 4, ಸೋಮವಾರ
ಕನ್ನಡಕದ ಅಂಗಡಿಯಲ್ಲಿ ಇಡೀ ದಿನ ಲೆನ್ಸ್ ಉಜ್ಜಿದೆ. ಬೆರಳ ತುದಿ ಮರಗಟ್ಟಿದೆ. ಊಟದ ಹೊತ್ತಿಗೆ ಥಿಯೇಟರ್ ಮ್ಯಾನೇಜರ್ ಫೋನು. "ಈ ಸಲ ಹಾಲ್ ಕೊಡೋಕಾಗಲ್ಲ ಸಾರ್. ಯಾರೋ ಬಂದು ಗಾಜು ಒಡೀತೀವಿ ಅಂದು ಹೋಗಿದ್ದಾರೆ. ನಿಮ್ಮ ಮೇಲೆ ನನಗೇನೂ ಇಲ್ಲ."
ಏನೂ ಇಲ್ಲದವರೇ ಎಲ್ಲರೂ.
ನಮ್ಮ ಕ್ವೀರ್ ಫಿಲ್ಮ್ ಫೆಸ್ಟಿವಲ್, ಗಂಡು-ಹೆಣ್ಣಿನ ಕಟ್ಟಿಗೆ ಒಗ್ಗದ ನಮ್ಮಂಥವರ ಹಬ್ಬ... ಕಥೆಯಿಲ್ಲದ, ತಲೆಬುಡವಿಲ್ಲದ ಸಿನಿಮಾಗಳು ಎಂದು ಹೊರಗಿನವರು ನಗುತ್ತಾರೆ. ನಗಲಿ. ವರ್ಷಕ್ಕೊಮ್ಮೆ ಅಲ್ಲಿಗೆ ಬಂದು, ಹೆದರದೆ ಪಕ್ಕದವರ ಕೈ ಹಿಡಿದು ಕೂರುವವರು ನಗುವುದಿಲ್ಲ.

ನವೆಂಬರ್ 6
ಎಡಿಟಿಂಗ್ ಮಾಡುವ ಗೆಳತಿ — ನಮಗೆಲ್ಲ ಅವಳು ಕತ್ತರಿ — ತನ್ನ ಅಕ್ಕನ ಡ್ಯಾನ್ಸ್ ಕ್ಲಾಸ್ ಕೋಣೆ ಕೊಡಿಸಿದಳು. ಅಕ್ಕ ಹೇಳಿದ್ದು: "ಬೋರ್ಡು ಗೀರ್ಡು ಹಾಕಬೇಡಿ. ಮಕ್ಕಳ ಅಪ್ಪ ಅಮ್ಮಂದಿರಿಗೆ ನಾನು ಉತ್ತರ ಕೊಡಬೇಕು." ಹಲ್ಲು ಕಚ್ಚಿ ಆಯ್ತಕ್ಕಾ ಎಂದೆ.
ಕೊನೆಯ ದಿನ ನಮ್ಮ ಗೆಳತಿ ಗುಬ್ಬಿಯ ಸಿನಿಮಾ ಹಾಕಬೇಕು. ಗುಬ್ಬಿ ತೀರಿಹೋದದ್ದು ಬೇಸಿಗೆಯಲ್ಲಿ, ಜ್ವರಕ್ಕೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿದವಳು. ಮನೆಯವರು ಬಂದು ಕೂದಲು ಕತ್ತರಿಸಿ, ಪ್ಯಾಂಟು ಶರ್ಟು ತೊಡಿಸಿ ಒಯ್ದರು. ನಮ್ಮನ್ನು ಗೇಟಿನಾಚೆಯೇ ನಿಲ್ಲಿಸಿದರು. ಕೋಣೆ ಖಾಲಿ ಮಾಡಿದ ಅವಳ ಅಣ್ಣ ಸಿನಿಮಾ ಇದ್ದ ಹಾರ್ಡ್ ಡಿಸ್ಕನ್ನೂ ಒಯ್ದ. ಬೇರೆ ಪ್ರತಿ ಇಲ್ಲ.

ನವೆಂಬರ್ 9
ಕತ್ತರಿಯೂ ನಾನೂ ಗುಬ್ಬಿಯ ಅಣ್ಣನ ಟೈರ್ ಅಂಗಡಿಗೆ ಹೋದೆವು.
"ಅಣ್ಣಾ, ಹದಿನೇಳಕ್ಕೆ ಇವಳ ಅಕ್ಕನ ಡ್ಯಾನ್ಸ್ ಕ್ಲಾಸಲ್ಲಿ ತೋರಿಸೋಕೆ ಆ ಡಿಸ್ಕ್ ಒಂದು ಕೊಟ್ಟರೆ..."
"ಯಾರ್ರೀ ಅಣ್ಣ? ಸತ್ತವನ ಮಾನ ಇನ್ನೂ ಹರಾಜು ಹಾಕಬೇಕಾ?"
"ಸತ್ತವಳು," ಎಂದಳು ಕತ್ತರಿ.
ಕೆಲಸ ಕೆಟ್ಟಿತು. ಕಬ್ಬಿಣದ ರಾಡ್ ಕೈಗೆತ್ತಿಕೊಂಡ. ದಾರಿಯುದ್ದಕ್ಕೂ ಅವಳ ಮೇಲೆ ರೇಗಿದೆ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು?

ನವೆಂಬರ್ 17, ಭಾನುವಾರ
ಕತ್ತರಿಯ ಕಂಪ್ಯೂಟರಿನಲ್ಲಿ ಸೌಂಡ್ ಮಾತ್ರ ಉಳಿದಿತ್ತು. ಅದನ್ನೇ ಹಾಕಿದೆವು. ಮುಂದೆ ಬಿಳಿ ಪರದೆ. ನೆಲದ ಮೇಲೆ ನಾವು. ಬಂದದ್ದು ಹೋದ ವರ್ಷದ ಅರ್ಧ ಜನ — ಉಳಿದವರಲ್ಲಿ ಕೆಲವರು ಊರು ಬಿಟ್ಟರು, ಕೆಲವರಿಗೆ ಹಿಡಿದು ಮದುವೆ ಮಾಡಿದರು.
ಗುಬ್ಬಿ ಪಾತ್ರೆ ತೊಳೆಯುತ್ತಾಳೆ. ಕೆಮ್ಮುತ್ತಾಳೆ. ಕ್ಯಾಮೆರಾ ಹಿಡಿದ ನನ್ನನ್ನು ಬೈಯುತ್ತಾಳೆ: "ಲೋ ಕೋತಿ, ಮುಖ ಸಾಕು, ಕೈ ತೋರಿಸೋ. ಇವತ್ತು ಬಳೆ ಹಾಕ್ಕೊಂಡಿದೀನಿ."
ಎಲ್ಲರೂ ನಕ್ಕರು. ನಗುತ್ತಲೇ ಒಬ್ಬರಿಗೊಬ್ಬರು ಒರಗಿ ಅತ್ತರು. ಮುಗಿದ ಮೇಲೂ ಯಾರೂ ಏಳಲಿಲ್ಲ.
ಲೈಟ್ ಹಾಕಿದಾಗ ಬಾಗಿಲಲ್ಲಿ ಗುಬ್ಬಿಯ ಅಣ್ಣ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ನಾನು ಏಳುವಷ್ಟರಲ್ಲಿ ಹೊರಟುಹೋದ.

ನವೆಂಬರ್ 20
ಗುಬ್ಬಿಯ ಅಣ್ಣ ನಮ್ಮ ಕನ್ನಡಕದ ಅಂಗಡಿಗೆ ಬಂದ. ಡಿಸ್ಕ್ ಕೌಂಟರ್ ಮೇಲಿಟ್ಟ.
"ಏನೂ ಇಲ್ಲ ಇದರಲ್ಲಿ. ನೀವು ಬಂದು ಹೋದ ದಿನವೇ ಅಳಿಸಿಬಿಟ್ಟೆ."
ಅಂದರೆ ನಾವು ಹೋಗಿರದಿದ್ದರೆ ಉಳಿಯುತ್ತಿತ್ತು.
"ಆ ದನಿ... ಅಮ್ಮನಿಗೆ ಕೇಳಿಸಬೇಕು. ಕಾಪಿ ಕೊಡ್ತೀರಾ?"
"ಯಾರ ದನಿ?"
"ನನ್ನ ತಮ್ಮಂದು."
"ಅಂಥವರು ಯಾರೂ ನಮ್ಮ ಸಿನಿಮಾದಲ್ಲಿ ಇಲ್ಲ."
ಒಂದು ಚೀಟಿಯಲ್ಲಿ ಮನೆಯ ನಂಬರ್ ಬರೆದಿಟ್ಟು ಹೋದ. ಗೆದ್ದೆ ಅನ್ನಿಸಬೇಕಿತ್ತು. ಬಾಯೆಲ್ಲ ಕಹಿ.

ನವೆಂಬರ್ 23
ಕತ್ತರಿ ಮೊದಲು "ಸರಿಯಾಗಿ ಉತ್ತರ ಕೊಟ್ಟೆ ಬಿಡು" ಎಂದಳು. ಸ್ವಲ್ಪ ಹೊತ್ತಿಗೆ, "ಆ ಅಮ್ಮ ಬೇಕಾದ್ರೆ ಮುಂದಿನ ವರ್ಷ ಬರಲಿ. ನಮ್ಮ ಜೊತೆ ಕೂತು ಕೇಳಲಿ." ಮುಂದಿನ ವರ್ಷ ಎಲ್ಲಿ? ಡ್ಯಾನ್ಸ್ ಕ್ಲಾಸಿನ ಅಕ್ಕ ಈಗಲೇ ಬೇಡ ಅಂದಾಗಿದೆ.
ಆದರೂ ಫೋನ್ ಮಾಡಿದೆ. ಎತ್ತಿದ್ದು ಅಮ್ಮನೇ.
"ಯಾರಪ್ಪಾ?"
"ಗುಬ್ಬಿಯ ಫ್ರೆಂಡ್, ಅಮ್ಮಾ."
"ಯಾವ ಗುಬ್ಬಿ?"
ಯಾವ ಹೆಸರು ಹೇಳುವುದು? ಅವರು ಇಟ್ಟದ್ದೋ, ಅವಳೇ ಇಟ್ಟುಕೊಂಡದ್ದೋ? ಕತ್ತರಿಯ ಕಂಪ್ಯೂಟರಿಗೆ ಫೋನ್ ಹಿಡಿದು, ಅವಳ ದನಿಯನ್ನೇ ಹಾಕಿದೆ.